ಮುಳುಗಬೇಕಾದ ಹನಿ

ಜ್ಞಾನಗಂಗೆಗೆ, ಅಂದರೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣಕ್ಕೆ, ಆಳಂದ, ಜೇವರ್ಗಿ, ಚಿತ್ತಾಪುರದ ಕಡೆಯಿಂದ ಓದಲು ಬರುವ ಎಷ್ಟೋ ಮಕ್ಕಳ ಮೊದಲ ವರ್ಷ ಬಸ್ಸು, ಕ್ಲಾಸು, ಮತ್ತೆ ಬಸ್ಸು ಅನ್ನುವುದರಲ್ಲೇ ಮುಗಿಯುತ್ತದೆ. ವೇದಿಕೆ ಹತ್ತಲು ಸಂಕೋಚ, ಗುಂಪಿನೊಳಗೆ ಹೋಗಲು ಅಳುಕು. ಅಂಥವರಿಗೆ ನಾವು ಹೇಳುವುದು, ರಕ್ತದಾನ ಶಿಬಿರದ ದಿನ ಸ್ವಯಂಸೇವಕರಾಗಿ ಬರ್ರಿ ಅಂತ. ಅಲ್ಲಿ ಮಾತು ಬಾರದವರ ಕೈಗೂ ಕೆಲಸ ಸಿಗುತ್ತದೆ, ಕೆಲಸದ ಬೆನ್ನಿಗೆ ಪರಿಚಯವೂ ಬರುತ್ತದೆ. ಎನ್ನೆಸ್ಸೆಸ್ ಇಲ್ಲವೇ ಯುವ ರೆಡ್ ಕ್ರಾಸ್ ಘಟಕದ ಅಧಿಕಾರಿಗೆ ಹೆಸರು ಕೊಟ್ಟರೆ ಸಾಕು.

ಶಿಬಿರಕ್ಕೆ ಅಕ್ಟೋಬರ್ 1ರ ಆಸುಪಾಸು ಒಳ್ಳೆಯದು, ಅಂದು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಏಪ್ರಿಲ್, ಮೇ ಬೇಡವೇ ಬೇಡ. ಕಲಬುರಗಿಯ ಆ ಬಿಸಿಲಿಗೆ ಮೈಯ ನೀರು ಬತ್ತಿರುತ್ತದೆ, ತಲೆ ತಿರುಗಿ ಬೀಳುವವರು ಹೆಚ್ಚು.

ಬೆಳಗ್ಗೆ ಎಲ್ಲಕ್ಕಿಂತ ಮೊದಲು ಹಾಕಬೇಕಾದದ್ದು ನಾಷ್ಟಾದ ಟೇಬಲ್ಲು. ಹಳ್ಳಿಯಿಂದ ಬರುವವರು ನಸುಕಿನ ಬಸ್ಸಿಗೆ ಬರೀ ಚಹಾ ಕುಡಿದು ಹೊರಟಿರುತ್ತಾರೆ. ಬೆಡ್ ಮೇಲೆ ಬೆವರುವವರಲ್ಲಿ ಹೆಚ್ಚಿನವರು ಇವರೇ. ಉಪ್ಪಿಟ್ಟು ಅಥವಾ ಸುಸಲಾ, ಬಾಳೆಹಣ್ಣು, ಎರಡು ಗ್ಲಾಸ್ ನೀರು ಕೊಟ್ಟ ಮೇಲೆಯೇ ನೋಂದಣಿ. ಮಿರ್ಚಿ ಭಜಿ ಮಾತ್ರ ಅವತ್ತು ಬೇಡ, ಎಣ್ಣೆಯ ತಿನಿಸಿನಿಂದ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ದ್ರವ, ಹಾಲಿನಂತೆ ಮಬ್ಬಾಗುತ್ತದೆ.

ನೋಂದಣಿಯಲ್ಲಿ 18 ತುಂಬಿದೆಯೇ, ತೂಕ 45 ಕಿಲೋ ದಾಟಿದೆಯೇ, ಒಂದು ವರ್ಷದೊಳಗೆ ಹಚ್ಚೆ ಹಾಕಿಸಿದ್ದುಂಟೇ, ಗುಳಿಗೆ ನಡೆದಿದೆಯೇ ಎಂದು ಕೇಳುತ್ತಾರೆ. ಕೊನೆಯ ಮಾತು ವೈದ್ಯರದು.

ಹೊಸಬರನ್ನು ನಾವು ಬೇಕಂತಲೇ ಹಿಮೋಗ್ಲೋಬಿನ್, ಅಂದರೆ ರಕ್ತದೊಳಗಿನ ಕಬ್ಬಿಣವುಳ್ಳ ಕೆಂಪು ಅಂಶ, ನೋಡುವ ಟೇಬಲ್ಲಿನ ಹತ್ತಿರ ನಿಲ್ಲಿಸುತ್ತೇವೆ. ಅಲ್ಲಿ ತಾಮ್ರದ ಸಲ್ಫೇಟಿನ ನೀಲಿ ದ್ರಾವಣ ಇರುತ್ತದೆ. ತಂತ್ರಜ್ಞರು ಬೆರಳು ಚುಚ್ಚಿ ಒಂದು ಹನಿ ರಕ್ತ ಅದರೊಳಗೆ ಬಿಡುತ್ತಾರೆ. ಹನಿ ಕ್ಷಣ ತಡೆದು, ಕೆಂಪು ಮಣಿಯಂತೆ ದುಂಡಗಾಗಿ, 15 ಸೆಕೆಂಡಿನೊಳಗೆ ತಳಕ್ಕಿಳಿದರೆ ಹಿಮೋಗ್ಲೋಬಿನ್ ದಾನಕ್ಕೆ ಬೇಕಾದಷ್ಟು, ಅಂದರೆ 100 ಮಿಲಿ ರಕ್ತಕ್ಕೆ ಕನಿಷ್ಠ 12.5 ಗ್ರಾಂ, ಇದೆ ಎಂದರ್ಥ. ತೇಲಿದರೆ ಕಡಿಮೆ. ಆದರೆ ಹನಿಯೊಳಗೆ ಗಾಳಿಗುಳ್ಳೆ ಸೇರಿದರೂ, ಬೆರಳನ್ನು ಜೋರಾಗಿ ಹಿಂಡಿದರೂ ಒಳ್ಳೆಯ ರಕ್ತವೇ ತೇಲುತ್ತದೆ. ಸಂಶಯ ಬಂದರೆ ಇನ್ನೊಂದು ಬೆರಳಿನಿಂದ ಮತ್ತೆ ನೋಡಿಸಬೇಕು. ಸುಮಾರು 25 ಹನಿಗೊಮ್ಮೆ ದ್ರಾವಣವನ್ನೂ ಬದಲಿಸಬೇಕು.

ಇಲ್ಲಿಂದ ವಾಪಸಾಗುವವರಲ್ಲಿ ಹುಡುಗಿಯರೇ ಹೆಚ್ಚು. ಧೈರ್ಯ ಮಾಡಿ ಬಂದವಳಿಗೆ ಎಲ್ಲರೆದುರು ‘ನಡಿಯಂಗಿಲ್ಲ’ ಅಂದರೆ ಆಕೆ ಮತ್ತೆ ಯಾವ ಕಾರ್ಯಕ್ರಮಕ್ಕೂ ಬರುವುದಿಲ್ಲ. ಅದು ನಮ್ಮ ಮಟ್ಟಿಗೆ ಒಂದು ಬಾಟಲಿ ರಕ್ತ ತಪ್ಪಿದ್ದಕ್ಕಿಂತ ದೊಡ್ಡ ನಷ್ಟ. ಬದಿಗೆ ಕರೆದು ‘ಅವ್ವಾ, ಡಾಕ್ಟರಿಗೆ ತೋರಿಸು. ಸಜ್ಜಿ ರೊಟ್ಟಿ, ಪಲ್ಯಾದ ಮ್ಯಾಲೆ ನಿಂಬೆಹಣ್ಣು ಹಿಂಡಿ ಉಣ್ಣು, ಊಟದ ಬೆನ್ನಿಗೆ ಚಹಾ ಬ್ಯಾಡ’ ಅಂತ ಹೇಳಬೇಕು. ಚಹಾ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಆಮೇಲೆ ಆಕೆಗೇ ವಿಶ್ರಾಂತಿಯ ಟೇಬಲ್ಲು ವಹಿಸಿಬಿಡಬೇಕು.

ಬೆಡ್ಡಿನ ಪಕ್ಕ ನಿಲ್ಲುವವರ ಕೆಲಸ ಮಾತಾಡಿಸುವುದು. ‘ಸೂಜಿ ಕಡೆ ನೋಡಬ್ಯಾಡ ತಮ್ಮಾ, ನಿಮ್ಮೂರಿನ ಜಾತ್ರಿ ಯಾವಾಗ ಹೇಳು’ ಅಂದರೆ ಸಾಕು. 350 ಮಿಲಿ ಚೀಲ ತುಂಬಲು ಹತ್ತು ನಿಮಿಷವೂ ಬೇಡ. ಚೀಲದಲ್ಲಿ ಮೊದಲೇ 49 ಮಿಲಿ ಹೆಪ್ಪುತಡೆ ದ್ರಾವಣ ಇರುತ್ತದೆ. ಅದು ರಕ್ತದೊಡನೆ ಬೆರೆಯಲು ಚೀಲ ಸಣ್ಣಗೆ ತೂಗುತ್ತಲೇ ಇರಬೇಕು. ದಾನಿ ಕೈ ಅಲುಗಿಸಿ ಸೂಜಿ ಸರಿದು ಚೀಲ ಅರ್ಧಕ್ಕೇ ನಿಂತರೆ ದ್ರಾವಣದ ಪ್ರಮಾಣ ತಪ್ಪುತ್ತದೆ, ಆ ರಕ್ತ ರೋಗಿಗೆ ಸಲ್ಲುವುದಿಲ್ಲ.

ಎದ್ದ ಕೂಡಲೇ ಯಾರನ್ನೂ ಹೊರಗೆ ಬಿಡಬಾರದು. 15 ನಿಮಿಷ ಕೂಡಿಸಿ, ಜ್ಯೂಸು, ಬಿಸ್ಕಿಟು ಕೊಟ್ಟು, ಮುಖ ನೋಡುತ್ತಿರಬೇಕು. ತುಟಿ ಬಿಳಿಚಿಕೊಂಡು ಹಣೆ ಬೆವರಿದರೆ ಅಲ್ಲೇ ಮಲಗಿಸಿ ಕಾಲು ಮೇಲೆತ್ತಿ, ಸಿಸ್ಟರನ್ನು ಕರೆಯಿರಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ. ಹಾಸ್ಟೆಲ್ ಹುಡುಗರಿಗೆ ಆ ಸಂಜೆ ಜಿಮ್ ಬೇಡ.

ಸಂಜೆ ರಕ್ತನಿಧಿಯ ಗಾಡಿ ಹೊರಟ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಒಪ್ಪಿದ ದಾನಿಗಳ ಹೆಸರು, ರಕ್ತದ ಗುಂಪು, ಊರು, ಫೋನ್ ನಂಬರನ್ನು ವಹಿಯಲ್ಲಿ ಬರೆದಿಡಬೇಕು. ಹುಡುಗರಿಗೆ ಮೂರು ತಿಂಗಳು, ಹುಡುಗಿಯರಿಗೆ ನಾಲ್ಕು ತಿಂಗಳು ಬಿಟ್ಟು ಮುಂದಿನ ತಾರೀಖು ಹಾಕಬೇಕು. ಬೆಳಗ್ಗೆ ಹೆಸರು ಹೇಳಲೂ ನಾಚುತ್ತಿದ್ದ ಹುಡುಗಿಗೆ ನಾವು ಈ ವಹಿ ಬರೆಯಲು ಕೊಡುತ್ತೇವೆ. ಜೇವರ್ಗಿ ಬಸ್ಸಿಗೆ ಹೊತ್ತಾಯಿತು ಅನ್ನುವಷ್ಟರಲ್ಲಿ ಯಾರದು ಯಾವ ಗುಂಪು, ಯಾವೂರು ಎಂಬುದೆಲ್ಲ ಆಕೆಯ ಬಾಯಲ್ಲೇ ಇರುತ್ತದೆ.