ಕ್ಲೀನಿಂಗ್ ಒತ್ತುವ ಮುಂಚೆ ಹಾಳೆ ನೋಡಿ

ಪ್ರಿಂಟರ್ ರಿಪೇರಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಇಂಕ್‌ಜೆಟ್ ಫೋಟೊ ಪ್ರಿಂಟರ್ ನನ್ನ ಮೇಜಿಗೆ ಬಂತು. ಮಗುವಿನ ಫೋಟೊ ಹಾಕಿದರೆ ಮುಖವೆಲ್ಲ ಹಸಿರು. ಮೆಜೆಂಟಾ, ಅಂದರೆ ಕಡುಗುಲಾಬಿ ಇಂಕು, ಬರುತ್ತಿಲ್ಲ ಅನ್ನುವುದು ಸ್ಪಷ್ಟವಿತ್ತು. ಇಂಕು ಚಿಮ್ಮಿಸುವ ಹೆಡ್ ಕಟ್ಟಿಕೊಂಡಿದೆ ಎಂದು ತೀರ್ಮಾನಿಸಿ, ಇಂಕು ಹೀರಿ ಅದನ್ನು ಶುಚಿ ಮಾಡುವ ಕ್ಲೀನಿಂಗ್ ಒತ್ತಿದೆ. ಒಂದು ಸಲ, ಎರಡು ಸಲ, ಹೀಗೆ ಏಳು ಸಲ. ಪ್ರತಿ ಸಲವೂ ಒಂದು ನಾಝಲ್ ಚೆಕ್ ಹಾಳೆ ತೆಗೆದೆ, ಅಂದರೆ ಹೆಡ್‌ನ ಸಣ್ಣ ರಂಧ್ರಗಳಾದ ನಾಝಲ್‌ಗಳಿಂದ ಇಂಕು ಬರುತ್ತಿದೆಯೇ ಎಂದು ಗೆರೆಗಳಲ್ಲಿ ತೋರಿಸುವ ಹಾಳೆ. ಏಳನೆಯದು ಮುಗಿಯುವಷ್ಟರಲ್ಲಿ ಪ್ರಿಂಟರ್, ಚೆಲ್ಲುವ ಇಂಕನ್ನು ಹೀರಿಕೊಳ್ಳುವ ವೇಸ್ಟ್ ಇಂಕ್ ಪ್ಯಾಡ್ ತುಂಬಿದೆ ಎಂದು ಹೇಳಿ ನಿಂತೇಬಿಟ್ಟಿತು. ಒಂದು ತೊಂದರೆಗೆ ಬಂದ ಪ್ರಿಂಟರ್‌ಗೆ ನಾನು ಎರಡನೆಯದನ್ನು ಸೇರಿಸಿದ್ದೆ.

ಬಿಚ್ಚಲೆಂದು ಕಾರ್ಟ್ರಿಜ್‌ಗಳನ್ನು ಹೊರತೆಗೆದಾಗ ಕಾರಣ ಕಣ್ಣೆದುರಿಗೇ ಇತ್ತು. ಹೊಸದಾಗಿ ಹಾಕಿದ್ದ ಮೆಜೆಂಟಾ ಕಾರ್ಟ್ರಿಜ್‌ನ ಗಾಳಿಕಿಂಡಿಯ ಮೇಲಿನ ಹಳದಿ ಟೇಪನ್ನು ಯಾರೂ ಕಿತ್ತಿರಲಿಲ್ಲ. ಇಂಕು ಹೊರಗೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಕಿಂಡಿ ಮುಚ್ಚಿದ್ದರೆ ಮೊದಲು ಸ್ವಲ್ಪ ಇಂಕು ಇಳಿಯುತ್ತದೆ, ಆಮೇಲೆ ಒಳಗಿನ ಎಳೆತಕ್ಕೆ ಅಲ್ಲೇ ನಿಲ್ಲುತ್ತದೆ. ಟೇಪ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಒಂದೇ ಒಂದು ಕ್ಲೀನಿಂಗ್ ಕೊಟ್ಟೆ. ಮೆಜೆಂಟಾ ಪೂರ್ತಿ ಬಂತು. ಪ್ಯಾಡನ್ನು ನನ್ನ ಖರ್ಚಿನಲ್ಲೇ ಬದಲಿಸಿ, ನಡೆದದ್ದನ್ನು ಪ್ರಿಂಟರ್ ತಂದವರಿಗೆ ಹೇಳಿ, ತಪ್ಪಾಯಿತು ಎಂದು ಕೇಳಿಕೊಂಡೆ.

ಆಮೇಲೆ ಆ ಏಳೂ ನಾಝಲ್ ಚೆಕ್ ಹಾಳೆಗಳನ್ನು ಕಸದಿಂದ ಆರಿಸಿ ಸಾಲಾಗಿ ಇಟ್ಟು ನೋಡಿದೆ. ಮೆಜೆಂಟಾ ಗೆರೆಗಳಲ್ಲಿ ತುಂಡಾದ ಜಾಗ ಪ್ರತಿ ಹಾಳೆಯಲ್ಲೂ ಬೇರೆ ಬೇರೆ ಕಡೆ ಇತ್ತು. ಉತ್ತರ ಅಲ್ಲೇ ಇತ್ತು. ನಾಝಲ್‌ನಲ್ಲಿ ಇಂಕು ಒಣಗಿ ಕಟ್ಟಿಕೊಂಡಿದ್ದರೆ ಖಾಲಿ ಜಾಗ ಪ್ರತಿ ಸಲವೂ ಅದೇ ಕಡೆ ಬೀಳುತ್ತದೆ. ಖಾಲಿ ಜಾಗ ಓಡಾಡುತ್ತಿದ್ದರೆ ಇಂಕು ಹೆಡ್‌ವರೆಗೆ ಸರಿಯಾಗಿ ತಲುಪುತ್ತಿಲ್ಲ, ಇಲ್ಲವೇ ನಡುವೆ ಗಾಳಿ ಸೇರಿದೆ ಎಂದು ಅನುಮಾನಿಸಬೇಕು. ಗಾಳಿ ಸೇರಿದಾಗ ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಕೊಡುವುದಕ್ಕಿಂತ ಒಂದು ರಾತ್ರಿ ಆಫ್ ಮಾಡಿ ಬಿಡುವುದು ಎಷ್ಟೋ ಮೇಲು. ಎಷ್ಟೋ ಪ್ರಿಂಟರ್‌ಗಳು ಬೆಳಿಗ್ಗೆಗೆ ತಾವಾಗಿಯೇ ಸರಿಹೋಗಿದ್ದನ್ನು ಕಂಡಿದ್ದೇನೆ. ಒಂದು ನಾಝಲ್‌ನ ಬಾಯಿ ಸುಮಾರು 20 ಮೈಕ್ರಾನ್, ತಲೆಕೂದಲಿಗಿಂತ ಎಷ್ಟೋ ಸಣ್ಣದು. ಅಷ್ಟು ಚಿಕ್ಕ ಬಾಯಿಗೆ ಗಾಳಿಯ ಒಂದು ಗುಳ್ಳೆ ಸಾಕು. ಇನ್ನು ಎಷ್ಟೋ ಪ್ರಿಂಟರ್‌ಗಳಲ್ಲಿ ಪ್ರತಿ ಕ್ಲೀನಿಂಗ್‌ನಲ್ಲೂ ಎಲ್ಲ ಬಣ್ಣದ ಇಂಕೂ ಹೀರಲ್ಪಟ್ಟು ನೇರ ಆ ಪ್ಯಾಡಿಗೆ ಹೋಗುತ್ತದೆ ಎಂಬುದು ಮನೆಯಲ್ಲಿ ಬಳಸುವವರಿಗೆ ಗೊತ್ತೇ ಇರುವುದಿಲ್ಲ. ಎರಡು ಸಲಕ್ಕೆ ಸುಧಾರಿಸದಿದ್ದರೆ ಬಟನ್ ಬಿಟ್ಟು ಯೋಚನೆ ಮಾಡಿ.

ಗೆರೆಗಳೆಲ್ಲ ಪೂರ್ತಿ ಇದ್ದೂ ಫೋಟೊ ಕೆಟ್ಟು ಬಂದರೆ ಹೆಡ್ ಮುಟ್ಟಲೇಬೇಡಿ. ಅದರ ತಪ್ಪು ಇಲ್ಲ. ಸೆಟ್ಟಿಂಗ್‌ನಲ್ಲಿ ಪೇಪರ್ ಯಾವುದೆಂದು ಕೊಟ್ಟಿದ್ದೀರಿ ನೋಡಿ: ಗ್ಲಾಸಿ ಹಾಳೆ ಇಟ್ಟು ಪ್ಲೇನ್ ಪೇಪರ್ ಆಯ್ಕೆ ಹಾಗೇ ಬಿಟ್ಟವರು ಬಹಳ. ಇಂಕಿನ ಪ್ರಮಾಣವೇ ಬದಲಾಗಿಬಿಡುತ್ತದೆ. ಬಣ್ಣವೆಲ್ಲ ಒಂದೇ ಕಡೆ ವಾಲಿದ್ದರೆ ಎಡಿಟಿಂಗ್ ಸಾಫ್ಟ್‌ವೇರೂ ಪ್ರಿಂಟರ್ ಡ್ರೈವರೂ ಎರಡೂ ಬಣ್ಣ ತಿದ್ದುತ್ತಿರಬಹುದು, ಒಂದನ್ನು ಆಫ್ ಮಾಡಿ. ಇಂಕು ಹನಿಹನಿಯಾಗಿ ನಿಂತು ಒಣಗದೇ ಇದ್ದರೆ ಹಾಳೆಯನ್ನು ತಿರುಗಾ ಮುರುಗಾ ಇಟ್ಟಿರುವ ಸಾಧ್ಯತೆಯೇ ಹೆಚ್ಚು. ಬೆರಳ ತುದಿ ಒದ್ದೆ ಮಾಡಿ ಮೂಲೆಗೆ ಒತ್ತಿದರೆ ಲೇಪವಿರುವ ಬದಿ ಸ್ವಲ್ಪ ಅಂಟುತ್ತದೆ. ಸಮ ಅಂತರದಲ್ಲಿ ಅಡ್ಡ ಗೆರೆ ಬಿದ್ದರೆ ಹೆಡ್ ಅಲೈನ್‌ಮೆಂಟ್ ಮಾಡಿ, ಹೈ ಸ್ಪೀಡ್ ಪ್ರಿಂಟಿಂಗ್ ಆಫ್ ಇಡಿ.

ಇನ್ನೊಂದು ವಿಷಯವನ್ನು ನಾನು ಬಂದವರಿಗೆಲ್ಲ ತಪ್ಪದೆ ಹೇಳುತ್ತೇನೆ. ಪ್ರಿಂಟರನ್ನು ಗೋಡೆಯ ಸ್ವಿಚ್‌ನಿಂದ ಆರಿಸಬೇಡಿ. ಅದರದೇ ಪವರ್ ಬಟನ್ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಕೂರುವ ಆ ಸಣ್ಣ ಸದ್ದೂ ಕೇಳುತ್ತದೆ. ಕೆಲಸದ ಮಧ್ಯೆ ಕರೆಂಟ್ ಕಿತ್ತರೆ ನಾಝಲ್‌ಗಳು ಬಾಯಿ ತೆರೆದೇ ಇರುತ್ತವೆ, ಇಂಕು ಅಲ್ಲೇ ಒಣಗುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣವೂ ಇರುವ ಒಂದು ಪುಟ್ಟ ಫೋಟೊ ಪ್ರಿಂಟ್ ಮಾಡಿ.

ಈಗ ನನ್ನ ಮೇಜಿಗೆ ಯಾವ ಪ್ರಿಂಟರ್ ಬಂದರೂ ಮೊದಲ ನಾಝಲ್ ಚೆಕ್ ಹಾಳೆಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆದು, ಖಾಲಿ ಜಾಗಕ್ಕೆ ಸುತ್ತು ಹಾಕಿ, ಎರಡನೆಯದು ಬರುವ ತನಕ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.