ಪಂಪಿನ ಪಿನ್ನು ಯಾರ ವಶದಲ್ಲಿರಬೇಕು?

ಕಾಸರಗೋಡಿನ ಬಾಯಾರಿನಲ್ಲಿರುವ ಅಕ್ಕನ ಮನೆಯ ಅಡಿಕೆ ತೋಟಕ್ಕೆ ಗುಡ್ಡದ ಸುರಂಗದ ನೀರೇ ಆಧಾರ. ಬೇಸಗೆಯಲ್ಲಿ ಅದು ಬೆರಳು ಗಾತ್ರಕ್ಕೆ ಇಳಿಯುತ್ತದೆ. ರಾತ್ರಿಯಿಡೀ ಟ್ಯಾಂಕಿಯಲ್ಲಿ ತುಂಬಿದ್ದನ್ನು ಬೆಳಗ್ಗೆ ಪಂಪು ಸ್ಪ್ರಿಂಕ್ಲರಿಗೆ ಎತ್ತಬೇಕು, ತಳ ಕಂಡ ಕೂಡಲೇ ನಿಲ್ಲಬೇಕು. ಇದಕ್ಕಾಗಿ ಅಕ್ಕನ ಮಗ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರ ಒಂದು ಪಿನ್ನಿನ (ಲೋಹದ ಕಡ್ಡಿಯ) ಸಂಕೇತಕ್ಕೆ ಪಂಪನ್ನು ಚಾಲೂ-ಬಂದ್ ಮಾಡುವ ರಿಲೇ ಮತ್ತು ನೀರಿನ ಮಟ್ಟ ತಿಳಿಸುವ ಫ್ಲೋಟ್ ಸ್ವಿಚ್ ಜೋಡಿಸಿದ್ದ. ಏಪ್ರಿಲ್‌ನ ಒಂದು ಬೆಳಗ್ಗೆ ಅವನ ಪ್ರೋಗ್ರಾಂ ನಡುವೆಯೇ ಸತ್ತಿತು. ಪಂಪು ಮಾತ್ರ ನಿಲ್ಲಲಿಲ್ಲ. ನೀರಿಲ್ಲದೆ ಓಡಿ ಸೀಲ್ ಸುಟ್ಟಿತು. ನಾನು ತಲುಪಿದಾಗ ಭಾವ ಪೈಯನ್ನೇ ಕಿತ್ತೆಸೆಯುವ ಮಾತಾಡುತ್ತಿದ್ದರು.

“ಪ್ರೋಗ್ರಾಮೇ ಇಲ್ಲದ ಮೇಲೆ ಪಂಪು ಹೇಗೆ ಓಡಿತು ಮಾವ?” ಎಂದು ಹುಡುಗ ಕೇಳಿದ.

ಅವನ ಪ್ರೋಗ್ರಾಂ ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರದಲ್ಲಿ, ಓಡುತ್ತಿತ್ತು. ಯಂತ್ರದ ಮೆಮೊರಿಯನ್ನೇ ನೇರವಾಗಿ ಮುಟ್ಟಲು ಬಿಡುವ ‘ಡೆವ್ ಮೆಮ್’ ಕಡತವನ್ನು ತೆರೆದು, ಪಿನ್ನುಗಳನ್ನು ನಿಯಂತ್ರಿಸುವ ಚಿಪ್‌ನ ರಿಜಿಸ್ಟರ್‌ಗಳನ್ನು ತನ್ನ ಮೆಮೊರಿಗೆ ಜೋಡಿಸಿಕೊಂಡು, ನೇರವಾಗಿ ಬಿಟ್‌ಗಳನ್ನು ಬರೆಯುತ್ತಿತ್ತು. ಆ ಪಿನ್ನನ್ನು ಯಾರು ಹಿಡಿದಿದ್ದಾರೆ ಎಂಬುದು ಕರ್ನಲ್‌ಗೆ (ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ) ಗೊತ್ತೇ ಇಲ್ಲ. ಬರೆದವನು ಸತ್ತರೂ ಬರೆದ ಬಿಟ್ ಉಳಿಯುತ್ತದೆ. ಅದಕ್ಕಿಂತ ನನ್ನನ್ನು ಕಳವಳಗೊಳಿಸಿದ್ದು ಬೇರೆ: ವಿಳಾಸ ಸ್ವಲ್ಪ ತಪ್ಪಿದ್ದರೆ ಅದೇ ಪ್ರೋಗ್ರಾಂ ಪಂಪಿಗೆ ಸಂಬಂಧವೇ ಇಲ್ಲದ ಇನ್ನೊಂದು ರಿಜಿಸ್ಟರನ್ನು ಕೆಡಿಸಬಹುದಿತ್ತು. ಒಂದು ರಿಲೇ ಒತ್ತಲು ಇಡೀ ಯಂತ್ರದ ಬೀಗದ ಕೈ ಕೊಡುವುದನ್ನು ನಾನು ಒಪ್ಪಲಾರೆ.

ಪೈಯಲ್ಲಿ ಓಡುವ ಲಿನಕ್ಸ್‌ನಲ್ಲಿ ಇದಕ್ಕೆ ಸರಿಯಾದ ದಾರಿ 2016ರಿಂದಲೇ ಇದೆ. 4.8ನೇ ಆವೃತ್ತಿಯಲ್ಲಿ ಬಂದ ಜಿಪಿಐಒ (ಸಾಮಾನ್ಯ ಬಳಕೆಯ ಪಿನ್ನುಗಳ) ಕ್ಯಾರೆಕ್ಟರ್ ಡಿವೈಸ್ ಎಂಬ ವ್ಯವಸ್ಥೆಯಲ್ಲಿ ಪ್ರೋಗ್ರಾಂ ತನಗೆ ಬೇಕಾದ ಪಿನ್ನನ್ನಷ್ಟೇ ಕೇಳುತ್ತದೆ, ಕರ್ನಲ್ ಅದನ್ನು ಫೈಲ್ ಡಿಸ್ಕ್ರಿಪ್ಟರ್ ಆಗಿ, ಅಂದರೆ ತೆರೆದ ಕಡತದ ಹಿಡಿಕೆಯಂತೆ, ಕೊಡುತ್ತದೆ. ಪೈಯಲ್ಲಿ ಇದಕ್ಕೆ ರೂಟ್ ಬೇಕಿಲ್ಲ, ‘ಜಿಪಿಐಒ’ ಗುಂಪಿನ ಸದಸ್ಯನಾದರೆ ಸಾಕು. ಪ್ರೋಗ್ರಾಂ ಹೇಗೇ ಸತ್ತರೂ ಕರ್ನಲ್ ಆ ಡಿಸ್ಕ್ರಿಪ್ಟರನ್ನು ಮುಚ್ಚಿ ಪಿನ್ನನ್ನು ಹಿಂದಕ್ಕೆ ಪಡೆಯುತ್ತದೆ.

ಮಧ್ಯಾಹ್ನದ ಊಟದ ನಂತರ ಇಬ್ಬರೂ ಕುಳಿತು ಪ್ರೋಗ್ರಾಮನ್ನು ಬದಲಿಸಿದೆವು. ಅದು ಓಡುತ್ತಿದ್ದಾಗಲೇ ಹುಡುಗ ಇನ್ನೊಂದು ಟರ್ಮಿನಲ್‌ನಿಂದ ಅದೇ ಪಿನ್ನನ್ನು ಕೇಳಿದ. ಸಾಧನ ಬಳಕೆಯಲ್ಲಿದೆ ಎಂದು ಕರ್ನಲ್ ನಿರಾಕರಿಸಿತು. ಅವನ ಮುಖ ಅರಳಿತು, ನನಗೂ ಸಂತೋಷವಾಯಿತು. ಹಳೆಯ ಪ್ರೋಗ್ರಾಮನ್ನು ಮಾತ್ರ ಅಳಿಸಿಹಾಕಿಸಿದೆ. ರಿಜಿಸ್ಟರಿಗೆ ನೇರವಾಗಿ ಬರೆಯುವವನನ್ನು ಈ ನಿರಾಕರಣೆ ತಡೆಯುವುದಿಲ್ಲ.

ಬಿಟ್ಟ ಪಿನ್ನು ಯಾವ ಸ್ಥಿತಿಗೆ ಮರಳುತ್ತದೆ ಎನ್ನುವುದು ಚಿಪ್‌ನ ಡ್ರೈವರನ್ನು (ಅದನ್ನು ನಡೆಸುವ ಕರ್ನಲ್ ಭಾಗವನ್ನು) ಅವಲಂಬಿಸಿದೆ. ಹಾಗಾಗಿ ಆಯಾ ಬೋರ್ಡಿನಲ್ಲೇ ಪರೀಕ್ಷಿಸಬೇಕು. ಪಂಪಿನ ಬದಲು ಬಲ್ಬ್ ಜೋಡಿಸಿ ಪ್ರೋಗ್ರಾಮನ್ನು ಬಲವಂತವಾಗಿ ಕೊಂದೆವು. ಪಿನ್ನು ಸಂಕೇತ ಕಳಿಸುವುದನ್ನು ಬಿಟ್ಟು ಇನ್‌ಪುಟ್ ಆಯಿತು, ಪುಲ್‌ಡೌನ್ ರೆಸಿಸ್ಟರ್ ಅದರ ವೋಲ್ಟೇಜನ್ನು ಕೆಳಗೆಳೆಯಿತು, ಬಲ್ಬ್ ಆರಿತು.

“ಪ್ರೋಗ್ರಾಂ ಸಾಯದೆ ಸುಮ್ಮನೆ ಕುಳಿತರೆ?” ಎಂದರು ಭಾವ. ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ಡಿಸ್ಕ್ರಿಪ್ಟರ್ ತೆರೆದೇ ಇರುವುದರಿಂದ ಪಿನ್ನೂ ಬಿಡುವುದಿಲ್ಲ. ಅದಕ್ಕೆ ವಾಚ್‌ಡಾಗ್ ಎಂಬ ಕಾವಲು ಟೈಮರ್ ಬೇಕು. ಪ್ರೋಗ್ರಾಂ ಆಗಾಗ ಅದಕ್ಕೆ ಬರೆಯುತ್ತಿರಬೇಕು, ನಿಲ್ಲಿಸಿದರೆ ಯಂತ್ರವೇ ಮರುಚಾಲನೆಗೊಳ್ಳುತ್ತದೆ. ಪೈಯ ಹಾರ್ಡ್‌ವೇರ್ ಟೈಮರಿನ ಗಡುವು ಹೆಚ್ಚೆಂದರೆ ಸುಮಾರು 15 ಸೆಕೆಂಡ್. ಅದನ್ನೂ ಸೇರಿಸಿ, ಓಡುತ್ತಿದ್ದ ಪ್ರೋಗ್ರಾಮನ್ನು ಸ್ಟಾಪ್ ಸಿಗ್ನಲ್‌ನಿಂದ ಹಿಡಿದು ನಿಲ್ಲಿಸಿದೆವು. ಗಡುವು ಮುಗಿಯುತ್ತಿದ್ದಂತೆ ಪೈ ಮರುಚಾಲನೆಗೊಂಡು ಬಲ್ಬ್ ಆರಿತು. ಭಾವ ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಎರಡನೆಯ ಸಲವೂ ಆರಿದ ಮೇಲೆಯೇ ಹೊಸ ಸೀಲ್ ತರಲು ಉಪ್ಪಳಕ್ಕೆ ಹೊರಟರು.