ಮೂರು ಸಲ ಬಂದ ಆರ್ಮ್‌ರೆಸ್ಟ್

ಕೋಲಾರದಲ್ಲಿ ಕುಷನ್ ಅಂಗಡಿ ಇಟ್ಟವನಿಗೆ ಟೊಮೆಟೊ ಪಿಕಪ್‌ಗಳೇ ಅನ್ನದಾತರು. ಕಾರಿನವರು ಸೀಟ್ ಕವರಿನ ಬಣ್ಣ ಆರಿಸಲು ಅರ್ಧ ದಿನ ಕೂರುತ್ತಾರೆ. ಪಿಕಪ್‌ನವರು ಬೀಗದ ಕೈ ಮೇಜಿನ ಮೇಲೆ ಎಸೆದು, ‘ಯಾವುದಾದರೂ ಹಾಕಿ, ಸಂಜೆಗೆ ಗಾಡಿ ಬೇಕು’ ಎನ್ನುತ್ತಾರೆ. ಆ ‘ಸಂಜೆಗೆ ಬೇಕು’ ಎಂಬ ಮಾತೇ ನಮ್ಮ ಕಸುಬಿನ ಅರ್ಧ ತಪ್ಪುಗಳಿಗೆ ತಾಯಿ. ಇನ್ನರ್ಧಕ್ಕೆ ನಾವೇ ತಂದೆ.

2023ರ ಜುಲೈ ತಿಂಗಳು. ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದ ದಿನಗಳು. ಅಂಥ ಹೊತ್ತಿನಲ್ಲಿ ಯಾವ ಚಾಲಕನೂ ಗಾಡಿಯನ್ನು ಒಂದು ದಿನ ಬಿಟ್ಟು ಹೋಗುವುದಿಲ್ಲ. ಆಗ ಬಂದದ್ದು ಹತ್ತು ವರ್ಷ ದಾಟಿದ ಒಂದು ಪಿಕಪ್. ಚಾಲಕನ ಬದಿಯ ಬಾಗಿಲಿನ ಆರ್ಮ್‌ರೆಸ್ಟ್ ಸೀಳಿತ್ತು. ಕೆಳಗಿನ ಸ್ಕ್ರೂ ತೂತಿನಿಂದ ಹೊರಟ ಬಿರುಕು ಓರೆಯಾಗಿ ಏರಿ, ಬಾಗಿಲು ಎಳೆದುಕೊಳ್ಳಲು ಬೆರಳು ತೂರಿಸುವ ಗುಳಿಯವರೆಗೆ ಹೋಗಿತ್ತು. ಅವನು ಅದಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದ. ಬೆವರಿಗೆ ಟೇಪಿನ ಅಂಟು ಜಿನುಗಿ ಅಂಗಿಯ ತೋಳಿಗೆಲ್ಲ ಮೆತ್ತಿತ್ತು.

‘ಮೊಣಕೈ ಇಟ್ಟರೆ ಬಿರುಕು ಬಾಯಿ ಬಿಟ್ಟು ಮುಚ್ಚುತ್ತದೆ ಅಣ್ಣಾ, ಚರ್ಮ ಕಚ್ಚುತ್ತದೆ’ ಎಂದು ತೋಳು ಎತ್ತಿ ತೋರಿಸಿದ. ಎರಡು ಕೆಂಪು ಗೀರುಗಳಿದ್ದವು. ಹೊರಡುವಾಗ, ‘ಬಾಗಿಲೂ ಯಾಕೋ ಬಿಗಿ. ನೀವು ರಬ್ಬರ್ ಹಾಕಿದ ಮೇಲೆ’ ಎಂದ.

ಹಿಂದಿನ ತಿಂಗಳು ಮಳೆಗೆ ಮುಂಚೆ ಅವನ ಎರಡೂ ಬಾಗಿಲುಗಳಿಗೆ ಬೀಡಿಂಗ್, ಅಂದರೆ ಬಾಗಿಲಿನ ಸುತ್ತ ಮಳೆನೀರು ತಡೆಯುವ ರಬ್ಬರ್ ಪಟ್ಟಿ, ಹಾಕಿಕೊಟ್ಟವನು ನಾನೇ. ‘ಹೊಸ ರಬ್ಬರ್ ಅಲ್ಲವೇ, ನಾಲ್ಕು ದಿನ ಹೋದರೆ ಕೂರುತ್ತದೆ’ ಎಂದೆ. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ತಲೆ ಎತ್ತುವುದೂ ಇಲ್ಲ.

ಮೊದಲ ಸಲ ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮ ಅಂಗಡಿಯಲ್ಲಿ ಒಂದು ಗಾಜಿನ ಬಾಟಲಿ ಇದೆ. ಎಬಿಎಸ್ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಇಟ್ಟ ಲೇಹ. ಎಬಿಎಸ್‌ಗೆ ಅದು ರಾಮಬಾಣ. ಅಸಿಟೋನ್ ಬಿರುಕಿನ ಅಂಚನ್ನೂ ಕರಗಿಸುವುದರಿಂದ, ಒಣಗಿದ ಮೇಲೆ ಎರಡೂ ಒಂದೇ ಮೈಯಾಗುತ್ತವೆ. ಡ್ಯಾಶ್‌ಬೋರ್ಡಿನ ಚೌಕಟ್ಟು, ಎಸಿ ಜಾಲರಿ ಎಲ್ಲಕ್ಕೂ ಹಚ್ಚಿ ಹಚ್ಚಿ ಕೈಗೆ ಅದೇ ರೂಢಿ. ಇದಕ್ಕೂ ತುಂಬಿದೆ, ಕ್ಲ್ಯಾಂಪ್ ಹಾಕಿದೆ, ಮೇಲೆ ರೆಕ್ಸಿನ್ ಹೊದಿಸಿದೆ, 350 ರೂಪಾಯಿ ತೆಗೆದುಕೊಂಡೆ. ಒಂಬತ್ತನೇ ದಿನ ಗಾಡಿ ಮತ್ತೆ ಅಂಗಡಿಯ ಮುಂದೆ. ರೆಕ್ಸಿನ್ ಬಿಡಿಸಿದರೆ ಲೇಹ ಈರುಳ್ಳಿ ಸಿಪ್ಪೆಯಂತೆ ಇಡಿಯಾಗಿ ಎದ್ದು ಬಂತು. ಅದರ ಕೆಳಗೆ ಬಿರುಕು ಹುಟ್ಟಿದ ದಿನದಷ್ಟೇ ಹೊಸದಾಗಿತ್ತು.

ಆಗ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ, ಎರಡು ಬಾಣದ ತಲೆಗಳ ನಡುವೆ, ಅಚ್ಚಿನಲ್ಲೇ ಮೂಡಿದ ಅಕ್ಷರಗಳು: ‘ಪಿಪಿ-ಟಿಡಿ20’. ಪಾಲಿಪ್ರೊಪಿಲೀನ್, ಅದರಲ್ಲಿ ತೂಕದ ಶೇ 20ರಷ್ಟು ಟಾಲ್ಕ್ ಪುಡಿ. ಪಾಲಿಪ್ರೊಪಿಲೀನನ್ನು ಅಸಿಟೋನ್ ಕರಗಿಸುವುದಿಲ್ಲ. ಸಾಮಾನ್ಯ ಅಂಟುಗಳೂ ಅದರ ಮೇಲೆ ಕೆಸುವಿನೆಲೆಯ ಮೇಲಿನ ನೀರಿನಂತೆ ನಿಲ್ಲದೆ ಜಾರುತ್ತವೆ. ಈ ಗುರುತು ಓದಲು ಒಂದು ನಿಮಿಷ ಸಾಕಿತ್ತು. ಅಂಗಡಿಯ ಹುಡುಗ ನೀರಿನಲ್ಲಿ ಹಾಕಿ ನೋಡುವ ಉಪಾಯ ಹೇಳಿದ: ಪಾಲಿಪ್ರೊಪಿಲೀನ್ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಮಾತು ಸರಿಯೇ. ಆದರೆ ಇಷ್ಟು ಟಾಲ್ಕ್ ಸೇರಿದರೆ ಪಾಲಿಪ್ರೊಪಿಲೀನೂ ನೀರಿಗಿಂತ ಭಾರವಾಗುತ್ತದೆ. ಚೂರನ್ನು ಬಕೆಟ್ಟಿಗೆ ಹಾಕಿದೆವು, ಸದ್ದಿಲ್ಲದೆ ತಳ ಸೇರಿತು. ಅಕ್ಷರ ಓದದೆ ಬಕೆಟ್ ನಂಬಿದ್ದರೆ ಮತ್ತೆ ಲೇಹವನ್ನೇ ಹಚ್ಚುತ್ತಿದ್ದೆ.

ಎರಡನೇ ಸಲ ಕ್ರಮವಾಗಿ ಮಾಡಿದೆ. ಈ ಪ್ಲಾಸ್ಟಿಕ್ಕಿಗೆ ಬೆಸುಗೆಯೇ ದಾರಿ. ಮೊದಲು ಡ್ಯಾಶ್‌ಬೋರ್ಡ್ ಪಾಲಿಶ್‌ನ ಜಿಡ್ಡನ್ನೆಲ್ಲ ಒರೆಸಬೇಕು. ಸಿಲಿಕೋನ್ ಉಳಿದ ಕಡೆ ಏನೂ ಹಿಡಿಯುವುದಿಲ್ಲ. ಬಿರುಕಿನ ತುದಿಯಲ್ಲಿ 3 ಮಿ.ಮೀ. ತೂತು ಕೊರೆದೆ. ಚೂಪಾದ ತುದಿ ದುಂಡಗಾದರೆ ಬಿರುಕಿಗೆ ಮುಂದೆ ಹೋಗುವ ಹಟ ಕಡಿಮೆಯಾಗುತ್ತದೆ. ಹಿಂಬದಿಯಿಂದ ಬಿರುಕಿನ ಉದ್ದಕ್ಕೂ ‘ವಿ’ ಆಕಾರದ ಕಾಲುವೆ ತೆಗೆದು, ಅದೇ ಜಾತಿಯ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಬೆಸುಗೆ ಕಡ್ಡಿಯ ಬಿಸಿಯಲ್ಲಿ ಕರಗಿಸಿ ತುಂಬಿದೆ. ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿಯ ಆಸುಪಾಸು. ಅದಕ್ಕಿಂತ ತುಂಬಾ ಬಿಸಿಯಾದರೆ ಹೊಗೆ ಬಂದು ಕಂದಾಗುತ್ತದೆ, ಆಮೇಲೆ ಆ ಜಾಗ ಹಪ್ಪಳ. ಸರಿಯಾದ ಬಿಸಿಯಲ್ಲಿ ಎರಡೂ ಅಂಚುಗಳು ಬೆವರಿದಂತೆ ಹೊಳೆದು, ಕಡ್ಡಿಯ ತುದಿಯ ಹಿಂದೆ ಕೆನೆಯಂತೆ ಎಳೆದುಕೊಳ್ಳುತ್ತವೆ. ಆ ಹೊಳಪು ಕಂಡಾಗಲೇ ಒತ್ತಬೇಕು. ಮೇಲೆ ತೆಳ್ಳಗಿನ ಸ್ಟೀಲ್ ಜಾಲರಿ ಇಟ್ಟು, ಅದು ಮುಳುಗುವವರೆಗೆ ಕಡ್ಡಿ ಆಡಿಸಿದೆ. ನೀರು ಹಾಕಿ ತಣಿಸಬಾರದು, ತಾನಾಗಿ ಆರಬೇಕು. ಈ ಪ್ಲಾಸ್ಟಿಕ್ಕಿನ ಮೇಲೆ ರೆಕ್ಸಿನ್ ಅಂಟಿಸುವ ಸೊಲ್ಯೂಷನ್ನನ್ನೂ ನಂಬುವಂತಿಲ್ಲವಾದ್ದರಿಂದ ರೆಕ್ಸಿನ್ನಿನ ಅಂಚನ್ನು ಹಿಂದಕ್ಕೆ ಮಡಚಿ, ಪಟ್ಟಿ ಇಟ್ಟು, ಸಣ್ಣ ಸ್ಕ್ರೂಗಳಿಂದ ಬಿಗಿದೆ.

ಕೆಲಸ ಚೆನ್ನಾಗಿತ್ತು. ಈಗಲೂ ಹಾಗೆಯೇ ಹೇಳುತ್ತೇನೆ. 600 ರೂಪಾಯಿ ಕೇಳಿದೆ. ಅವನು ಚೌಕಾಶಿ ಮಾಡದೆ ಕೊಟ್ಟು ಹೋದ.

ತಿಂಗಳೊಳಗೆ ಮೂರನೇ ಸಲ ಬಂದ. ಬೆಸುಗೆ ಕಲ್ಲಿನಂತಿತ್ತು. ಆದರೆ ಜಾಲರಿ ಮುಗಿಯುವ ಗೆರೆಗೆ ಸರಿಯಾಗಿ, ಪಕ್ಕದಲ್ಲಿ ಹೊಸ ಬಿರುಕು. ಒಂದು ಜಾಗವನ್ನು ಗಟ್ಟಿ ಮಾಡಿದರೆ ಬಾಗುವ ಕೆಲಸವೆಲ್ಲ ಅದರ ಅಂಚಿಗೆ ಬೀಳುತ್ತದೆ. ಹೊಲಿಗೆ ಹಾಕಿದ ಗೋಣಿಚೀಲ ಹೊಲಿಗೆಯ ಪಕ್ಕದಲ್ಲೇ ಹರಿಯುವ ಹಾಗೆ. ನನಗೆ ಸಿಟ್ಟು ಬಂತು. ‘ನಿಮ್ಮ ಕೈ ಬಹಳ ಒರಟು, ಬಾಗಿಲನ್ನು ಹಾಗೆ ಎಳೆಯಬೇಡಿ’ ಎಂದುಬಿಟ್ಟೆ. ಅವನು ಜಗಳಕ್ಕೆ ಬರಲಿಲ್ಲ. ‘ನೀವೇ ಒಂದು ಸಲ ಕೂತು ಹಾಕಿ ನೋಡಿ ಅಣ್ಣಾ’ ಎಂದ.

ಜಡಿ ಮಳೆ ಹನಿಯುತ್ತಿತ್ತು, ಎರಡೂ ಗ್ಲಾಸ್ ಏರಿಸಿದ್ದವು. ಸೀಟಿನಲ್ಲಿ ಕೂತು ಆರ್ಮ್‌ರೆಸ್ಟಿನ ಗುಳಿಗೆ ಬೆರಳು ಹಾಕಿ ಎಳೆದೆ. ಬಾಗಿಲು ಬಂತು, ರಬ್ಬರಿಗೆ ತಾಗಿತು, ಮೆತ್ತಗೆ ಹಿಂದಕ್ಕೆ ಹೋಯಿತು. ಜೋರಾಗಿ ಎಳೆದೆ. ಅರ್ಧ ಲಾಕ್ ಬಿತ್ತು. ಮೂರನೇ ಸಲ ಭುಜದ ಬಲವೆಲ್ಲ ಹಾಕಿ ಸೆಳೆದಾಗ ‘ಧಡ್’ ಎಂದು ಕೂತಿತು, ಮತ್ತು ಆ ಕ್ಷಣ ನನ್ನ ಬೆರಳುಗಳ ಕೆಳಗೆ ಆರ್ಮ್‌ರೆಸ್ಟ್ ಬಿಲ್ಲಿನಂತೆ ಬಾಗಿದ್ದು ಗೊತ್ತಾಯಿತು.

ಎರಡು ತಿಂಗಳಲ್ಲಿ ಈ ಗಾಡಿ ಮೂರು ಸಲ ನನ್ನ ಅಂಗಡಿಗೆ ಬಂದಿತ್ತು. ಒಳಗೆ ಕೂತು ಬಾಗಿಲು ಹಾಕಿದ್ದು ಅದೇ ಮೊದಲು. ಆರ್ಮ್‌ರೆಸ್ಟ್ ಬಿಚ್ಚಿ ಮೇಜಿಗೆ ತರುತ್ತಿದ್ದೆ, ಮುಗಿದ ಮೇಲೆ ಕೂರಿಸಿ ಹೊರಗಿನಿಂದ ತಳ್ಳುತ್ತಿದ್ದೆ. ಅದೂ ಬಿಸಿಲಿನಲ್ಲಿ, ಗ್ಲಾಸ್ ಇಳಿಸಿಕೊಂಡು. ಪಿಕಪ್ಪಿನ ಕ್ಯಾಬಿನ್ ಚಿಕ್ಕದು. ಗ್ಲಾಸ್ ಮುಚ್ಚಿದ್ದರೆ ಬಾಗಿಲು ತಳ್ಳಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಅದೇ ಬಾಗಿಲನ್ನು ಒದೆಯುತ್ತದೆ. ಗ್ಲಾಸ್ ಇಳಿಸಿದರೆ ಅರ್ಧ ತೊಂದರೆ ಕಾಣಿಸುವುದೇ ಇಲ್ಲ. ನನಗೆ ಕಾಣದೆ ಇದ್ದದ್ದು ಹಾಗೆ.

ಬಾಗಿಲನ್ನು ಕೆಳಗಿನಿಂದ ಎತ್ತಿ ಅಲುಗಿಸಿದೆ. ಕೀಲುಗಳಲ್ಲಿ ಆಟವಿರಲಿಲ್ಲ, ಬಾಗಿಲು ಜೋತಿರಲಿಲ್ಲ. ಹಳೆಯ ದಿನಪತ್ರಿಕೆಯ ಪಟ್ಟಿ ಹರಿದು ಬಾಗಿಲಿನ ಸುತ್ತಲೂ ಒಂದೊಂದೇ ಕಡೆ ಸಿಕ್ಕಿಸಿ ಮುಚ್ಚಿ ಎಳೆದೆ. ಬೀಡಿಂಗ್ ಸರಿಯಾಗಿದ್ದರೆ ಕಾಗದ ಸ್ವಲ್ಪ ತಡೆದು ಜಾರಿ ಬರಬೇಕು. ಇಲ್ಲಿ ಎಲ್ಲ ಕಡೆಯೂ ಹರಿಯಿತು. ಬಿಚ್ಚಿದ ಹಳೆಯ ಬೀಡಿಂಗಿನ ಒಂದು ತುಂಡು ಇನ್ನೂ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಅದುಮಿದರೆ ಚಪ್ಪಟೆಯಾಗುತ್ತಿತ್ತು. ನಾನು ಹಾಕಿದ್ದನ್ನು ಅದುಮಿದರೆ ಬೆರಳ ತುದಿ ಬೆಳ್ಳಗಾಗುತ್ತಿತ್ತು. ಮೀಟರಿಗೆ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದಿದ್ದ 50 ಮೀಟರ್ ಸುರುಳಿ ಅದು. ನೋಡಲು ದಪ್ಪ, ಗಟ್ಟಿ. ಗಿರಾಕಿಗಳು ಮುಟ್ಟಿ ನೋಡಿ ‘ಮಾಲು ಚೆನ್ನಾಗಿದೆ’ ಎಂದು ಹೊಗಳುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ.

ಮೆತ್ತಗಿನ ಟೊಳ್ಳು ಬೀಡಿಂಗ್ ತಂದು ಹಾಕಿದೆ. ಬಾಗಿಲ ಕಂಬದ ಸ್ಟ್ರೈಕರ್, ಅಂದರೆ ಲಾಕ್ ಹೋಗಿ ಕಚ್ಚುವ ಕೊಂಡಿ, ಸಡಿಲಿಸಿ, ಹಳೆಯ ಜಾಗದ ಗುರುತು ಪೆನ್ಸಿಲಿನಲ್ಲಿ ಗೀಚಿಕೊಂಡು, ಎರಡು ಮಿ.ಮೀ. ಹೊರಕ್ಕೆ ಸರಿಸಿ ಬಿಗಿದೆ. ಈಗ ಗ್ಲಾಸ್ ಏರಿಸಿದ್ದರೂ ಎರಡು ಬೆರಳಿಗೆ ಬಾಗಿಲು ಬರುತ್ತಿತ್ತು. ಆರ್ಮ್‌ರೆಸ್ಟಿನ ಹೊಸ ಬಿರುಕಿಗೂ ಬೆಸುಗೆ ಹಾಕಿದೆ, ಈ ಸಲ ಜಾಲರಿಯ ಅಂಚನ್ನು ನೇರವಾಗಿ ನಿಲ್ಲಿಸದೆ ಹಲ್ಲುಹಲ್ಲಾಗಿ ಕತ್ತರಿಸಿ. ದುಡ್ಡು ಕೇಳಲಿಲ್ಲ. ಹಿಂದಿನ 600 ರೂಪಾಯಿಯಲ್ಲಿ 300 ವಾಪಸು ಕೊಡಲು ಹೋದಾಗ ಅವನು ಬೇಡವೆಂದ. ‘ಒರಟು ಕೈ ಅಂದಿರಲ್ಲ, ಅದನ್ನು ವಾಪಸು ತೆಗೆದುಕೊಳ್ಳಿ’ ಎಂದು ನಕ್ಕ. ತೆಗೆದುಕೊಂಡೆ.

ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ಆ ಸುರುಳಿ ಐದು ಗಾಡಿಗಳಿಗೆ ಹೋಗಿತ್ತು. ಉಳಿದ ನಾಲ್ವರಿಗೂ ಫೋನ್ ಮಾಡಿದೆ. ಇಬ್ಬರು ಏನೂ ತೊಂದರೆಯಿಲ್ಲ ಎಂದರು. ಒಬ್ಬರು, ‘ಬಾಗಿಲು ಬಿಗಿಯಾಗಿಯೇ ಇದೆ, ಆದರೆ ನಾಲ್ಕು ದಿನ ಹೋದರೆ ಕೂರುತ್ತದೆ ಎಂದಿದ್ದಿರಲ್ಲ, ಕಾಯುತ್ತಿದ್ದೇನೆ’ ಎಂದರು. ನಾಲ್ಕನೆಯವರು ಬೇರೊಂದು ಗ್ಯಾರೇಜಿನಲ್ಲಿ ಬಾಗಿಲಿನ ಕೀಲುಗಳನ್ನೇ ಬದಲಾಯಿಸಿಕೊಂಡು ಬಂದಿದ್ದರು, ಗುಣವಾಗಿರಲಿಲ್ಲ. ಕೊನೆಯ ಇಬ್ಬರ ಬೀಡಿಂಗನ್ನು ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ.

ಮಿಕ್ಕ ಹತ್ತು ಮೀಟರನ್ನು ಎಸೆಯಲು ಮನಸ್ಸಾಗಲಿಲ್ಲ. ಒಂದು ತುಂಡನ್ನು ಅಂಗಡಿಯ ಶಟರಿನ ಕೆಳಗಿನ ಅಂಚಿಗೆ ಅಂಟಿಸಿದ್ದೇನೆ. ಮಳೆನೀರು ಈಗ ಒಳಗೆ ಬರುವುದಿಲ್ಲ. ಬೀಗ ಹಾಕುವಾಗ ಮಾತ್ರ ಹುಡುಗ ಶಟರಿನ ಮೇಲೆ ಕಾಲಿಟ್ಟು ತುಳಿದು ನಿಲ್ಲಬೇಕಾಗುತ್ತದೆ.